ಪಂಚಮಿಗೆ ತವರಿಗೆ ಬಂದ ಕಾರು

ದೆವ್ವ, ಶಕುನ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಯಾದಗಿರಿಯಲ್ಲಿ ನನ್ನದು ರೈತರ ಹತ್ತಿ, ತೊಗರಿಯನ್ನು ದಲಾಲಿಗೆ ಮಾರಿಸುವ ಅಡತಿ ಅಂಗಡಿ. ತಕ್ಕಡಿಗೆ ಬಂದದ್ದಕ್ಕೆ ಮಾತ್ರ ಬೆಲೆ ಕಟ್ಟಿ ಬೆಳೆದವನು ನಾನು. ಯಾರಾದರೂ ಅಂಥ ಕಥೆ ತೆಗೆದರೆ, ನಿನ್ನೆ ಎಷ್ಟು ಕುಡಿದಿದ್ದಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನದೇ ಕಥೆ ಹೇಳಲು ಕುಳಿತಿದ್ದೇನೆ. ನೀವು ನನ್ನನ್ನೂ ಹಾಗೇ ಕೇಳಿದರೆ ಬೇಸರವಿಲ್ಲ.

ನನಗೆ ಹಳೆಯ ಕಾರುಗಳ ಹುಚ್ಚು. ಸುರಪುರದಲ್ಲಿ ಗುಡ್ಡದ ಬುಡದ ಒಂದು ಓಣಿಯಲ್ಲಿ, ದನದ ಕೊಟ್ಟಿಗೆಯೊಳಗೆ ವಿಲಾಯತಿ ಕಾರೊಂದು ನಿಂತಿದೆ ಎಂದು ಕೇಳಿ ನೋಡಲು ಹೋದೆ. ನಿಜಾಮರ ಆಳ್ವಿಕೆ ಮುಗಿಯುವ ಹೊತ್ತಿಗೆ ಹೈದರಾಬಾದಿನಿಂದ ಬಂದದ್ದಂತೆ. ಅಂಥವು ದೇಶದಲ್ಲೇ ಬೆರಳೆಣಿಕೆಯಷ್ಟು ಉಳಿದಿರಬೇಕು. ಮೇಲೆ ತೊಗರಿ ಕಟ್ಟಿಗೆ ಒಟ್ಟಿದ್ದರು, ಬಾನೆಟ್ಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಧೂಳು ಒರೆಸಿದರೆ ಒಳಗಿನಿಂದ ಹಸಿರು ಬಣ್ಣ ಇಣುಕಿತು. ಇದನ್ನು ಬಿಟ್ಟು ಹೋಗುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಕಾರಿನ ಒಡತಿ ನೀಲವ್ವ, ಎಂಬತ್ತು ದಾಟಿದ ವಿಧವೆ. ಮಕ್ಕಳಿಲ್ಲ. ಮೈದುನನ ಮಗ ಮತ್ತು ಅವನ ಹೆಂಡತಿ ಮಹಾದೇವಿಯೊಂದಿಗೆ ಇದ್ದರು. ಕಕ್ಕೇರಾದಿಂದ ಮದುಮಗಳಾಗಿ ನೀಲವ್ವ ಬಂದದ್ದು ಈ ಕಾರಿನಲ್ಲೇ. ಆಮೇಲೆ ಆ ಓಣಿಯ ಹೆಣ್ಣುಮಕ್ಕಳೆಲ್ಲ ಗಂಡನ ಮನೆಗೆ ಹೋದದ್ದೂ ಇದರಲ್ಲೇ. ಗುಜರಿಯವರಿಂದ ಹಿಡಿದು ಶೋಕಿಯವರ ತನಕ ಎಷ್ಟೋ ಜನ ಕೇಳಿ ಬರಿಗೈಯಲ್ಲಿ ವಾಪಸಾಗಿದ್ದರು. ನಾನು ಮಾತ್ರ ಬೆಲೆಯ ಮಾತೇ ಎತ್ತಲಿಲ್ಲ. ಇದು ನಿಮ್ಮ ಮಗಳೆಂದು ತಿಳಿದು ಸೊಸೆ ಮಾಡಿಕೊಂಡು ಹೋಗುತ್ತೇನೆ ಎಂದುಬಿಟ್ಟೆ. ಅದು ವ್ಯಾಪಾರಸ್ಥನ ನಾಲಿಗೆ, ಎಲ್ಲಿ ಬೆಣ್ಣೆ ಹಚ್ಚಬೇಕೆಂದು ಅದಕ್ಕೆ ಗೊತ್ತು. ಮುದುಕಿಯ ಕಣ್ಣು ತುಂಬಿ ಬಂತು, ಕಾರು ಕೊಡಲು ಒಪ್ಪಿದರು.

ಕಾರನ್ನು ಲಾರಿಗೆ ಏರಿಸುವ ಮೊದಲು ನೀಲವ್ವ ತಡೆದರು. ತಾವು ವಿಧವೆ, ಮುಟ್ಟಬಾರದೆಂದು ದೂರ ನಿಂತು ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಮಹಾದೇವಿಯ ಕೈಯಿಂದ ಕಾರಿಗೆ ಉಡಿ ತುಂಬಿಸಿದರು. ಮುಂದಿನ ಸೀಟಿನ ಮೇಲೆ ರವಿಕೆಯ ಖಣ ಹಾಸಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಇಡಿಸಿದರು. ನನಗೆ ಒಳಗೊಳಗೇ ನಗು. ಆಮೇಲೆ ನನ್ನ ಹತ್ತಿರ ಬಂದು ಹೇಳಿದರು:

"ಹೆಣ್ಮಗಳು ಪಂಚಮಿಗಿ ತವರಿಗಿ ಬರಬೇಕ್ರಿ. ಕರಕೊಂಡು ಬರ್ರಿ. ನನ್ನ ಕುಂದ್ರಿಸ್ಕೊಂಡು ಇಲ್ಲೇ ದೇವಾಪುರ ತನಕ ಒಂದ್ ಸಲ ಹೋಗಿಬಂದ್ರ ಸಾಕು. ಮತ್ತೇನೂ ಬ್ಯಾಡ ನನಗ."

ವರ್ಷವರ್ಷವೂ ತರುತ್ತೇನೆ ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಶಹಾಪುರದ ಖಾಜಾ ಮೇಸ್ತ್ರಿಯ ಶೆಡ್ಡಿಗೆ ಕಾರು ಹೋಯಿತು. ಪಿಸ್ಟನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಮೇಸ್ತ್ರಿ ಡೀಸೆಲ್ ಸುರಿದು ನೆನೆಯಲು ಬಿಟ್ಟು, ದಿನಾ ಒಂದಿಷ್ಟು ಅಲ್ಲಾಡಿಸಿ, ಕೊನೆಗೊಂದು ದಿನ ಎಂಜಿನ್ನಿಗೆ ಜೀವ ಬರಿಸಿದ. ಪಂಚಮಿ ಹತ್ತಿರವಿತ್ತು. ಸುರಪುರಕ್ಕೆ ಹೋಗಿ ಬರುವಷ್ಟು ಸಜ್ಜು ಮಾಡಿಕೊಡುತ್ತೇನೆ, ಹಬ್ಬ ಮುಗಿದ ಮೇಲೆ ಪೂರಾ ಬಿಚ್ಚೋಣ ಎಂದ. ಮುದುಕಿಯ ಖಯಾಲಿಗೆ ಕೆಲಸ ಯಾಕೆ ನಿಲ್ಲಿಸುವುದು, ಈಗಲೇ ಬಿಚ್ಚು ಎಂದವನು ನಾನೇ. ಕಾರು ನನ್ನದಾಗಿತ್ತು, ಇನ್ನು ಮಾತಿನ ಹಂಗೇನು ಎಂಬ ಸೊಕ್ಕು. ಬರುವುದಿಲ್ಲ ಎಂದು ಒಂದು ಫೋನನ್ನೂ ಮಾಡಲಿಲ್ಲ.

ಪಂಚಮಿಯ ದಿನ ನನ್ನ ಅಂಗಡಿಗೆ ರಜೆ. ಮುಂಜಾನೆಯೇ ಶಹಾಪುರಕ್ಕೆ ಹೋಗಿ ಮೇಸ್ತ್ರಿಯ ಜೊತೆ ಕುಳಿತೆ. ಎಂಜಿನ್ ಹಲಗೆಯ ಮೇಲಿತ್ತು. ಗಾಲಿ ಕಳಚಿ ಕಾರನ್ನು ಕಲ್ಲುಗಳ ಮೇಲೆ ನಿಲ್ಲಿಸಿದ್ದರು. ಸೀಟುಗಳು ಹೊಲಿಯಲು ಹೋಗಿದ್ದವು. ಮಧ್ಯಾಹ್ನ ಸುರಪುರದಿಂದ ಮೇಲಿಂದ ಮೇಲೆ ಫೋನ್ ಬಂತು. ಯಾಕೆ ಬರಲಿಲ್ಲ ಎಂದು ಕೇಳಲಿಕ್ಕೇ ಇರಬೇಕು ಎಂದುಕೊಂಡು, ಎತ್ತದೆ ಮಗುಚಿ ಇಟ್ಟೆ. ಮುದುಕಿ ಹೊಸ್ತಿಲ ಮೇಲೆ ದಾರಿ ಕಾಯುತ್ತಿರುವುದು ಕಣ್ಣಿಗೆ ಕಟ್ಟಿತು.

ಸಂಜೆ ಮತ್ತೆ ಫೋನ್. ಬೈಸಿಕೊಂಡರಾಯಿತು ಎಂದು ಎತ್ತಿದೆ. ಮಹಾದೇವಿ ಮಾತಾಡಿದಳು.

"ಅಣ್ಣಾರ, ಕಾರ್ ತಂದು ಭಾಳ ಚೊಲೋ ಮಾಡಿದ್ರಿ. ದೊಡ್ಡವ್ವ ದೇವಾಪುರಕ್ಕ ಹೋಗಿ ಬಂದಾಗಿಂದ ಒಬ್ಬಾಕೇ ಕುಂತು ನಗಾಕತ್ಯಾಳ. ನೀವರೆ ಇಳೀಲಾರದs ಹೋದ್ರಿ. ಊಟಕ್ಕ ಕರ್ಯಾಕ ಫೋನ್ ಹಚ್ಚಿದ್ರ ಎತ್ತಲಿಲ್ಲ. ಹಿಂದಿನ ಸೀಟಿನ್ಯಾಗ ಉಂಡಿ ಡಬ್ಬಿ ಇಟ್ಟೀನಿ, ನೋಡ್ರಿ."

ನಾನು ಕಾರಿನ ಕಡೆ ನೋಡಿದೆ. ಗಾಲಿಯಿಲ್ಲ, ಎಂಜಿನ್ನಿಲ್ಲ, ಡಬ್ಬಿ ಇಡಲು ಸೀಟೂ ಇಲ್ಲ. ಮುಂಜಾನೆಯಿಂದ ನಾವಿಬ್ಬರೂ ಅದರ ಮುಂದೆಯೇ ಕುಳಿತಿದ್ದೆವು. ಆದರೂ ನನ್ನ ಬಾಯಿಂದ ಬಂದದ್ದು, "ಹೌದ್ರಿ, ಸ್ವಲ್ಪ ಅವಸರ ಇತ್ತು." ಯಾಕೆ ಹಾಗೆಂದೆನೋ. ನಾಚಿಕೆಯೋ ಹೆದರಿಕೆಯೋ, ಇಲ್ಲ ಪುಕ್ಕಟೆ ಸಿಕ್ಕ ಪುಣ್ಯವನ್ನು ಬಿಡಲಾರದ ಅಡತಿ ಬುದ್ಧಿಯೋ, ಇಂದಿಗೂ ತಿಳಿಯದು.

ಆಮೇಲೆ ಎಲ್ಲ ಥರ ಯೋಚಿಸಿದೆ. ಅಂಥ ಇನ್ನೊಂದು ಕಾರು ನಮ್ಮ ಸೀಮೆಯಲ್ಲೇ ಇಲ್ಲ. ಮಹಾದೇವಿ ಚುಚ್ಚಿ ಹೇಳಿದಳೇ ಎಂದುಕೊಂಡು ಒಂದು ದಿನ ಸುರಪುರಕ್ಕೇ ಹೋದೆ. ಓಣಿಯ ಜನ ಎದುರಾಗಿ, ಕಾರು ಮೊದಲಿನ ಹಾಗೇ ಸಪ್ಪಳ ಮಾಡುತ್ತದೆ ಎಂದು ನನ್ನನ್ನು ಹೊಗಳಿದರು. ಯಾರು ಓಡಿಸುತ್ತಿದ್ದರು, ಮುಖ ನೋಡಿದಿರಾ ಎಂದು ಕೇಳುವ ಆಸೆಯಾಯಿತು. ಬಂದವನು ನಾನೇ ಎಂದು ಒಪ್ಪಿಕೊಂಡ ಮೇಲೆ ಬಂದವರಾರು ಎಂದು ಹೇಗೆ ಕೇಳಲಿ? ಮಹಾದೇವಿ ಡಬ್ಬಿ ಕೇಳಿದಳು. ಪೇಟೆಗೆ ಹೋಗಿ ಹೊಸ ಸ್ಟೀಲ್ ಡಬ್ಬಿ ತಂದುಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, ತಮ್ಮದರ ಮೇಲೆ ತನ್ನ ಅಪ್ಪನ ಹೆಸರು ಕೆತ್ತಿತ್ತು, ಇದು ತಮ್ಮದಲ್ಲ ಎಂದಳು. ಮನೆಯಲ್ಲಿ ಅದಲುಬದಲಾಗಿರಬೇಕು ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಆಸರೆ.

ಈಗ ಕಾರು ಚೆನ್ನಾಗಿ ಓಡುತ್ತದೆ. ಪ್ರತಿ ಪಂಚಮಿಗೂ ತಪ್ಪದೆ ಒಯ್ಯುತ್ತೇನೆ. ನೀಲವ್ವ ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಕುಲುಕದ ಹಾಗೆ ಮೆಲ್ಲಗೆ ಓಡಿಸುತ್ತೇನೆ. ನಿಜ ಹೇಳಿಬಿಡಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಆ ದಿನ ನಡೆದದ್ದೇನೆಂದು ನನಗೇ ಗೊತ್ತಿಲ್ಲದಾಗ ಅವರಿಗೆ ಏನೆಂದು ಹೇಳುವುದು?

ಹೋದ ವರ್ಷ ದೇವಾಪುರದಿಂದ ತಿರುಗಿ ಬರುವಾಗ, ಈ ಸಲ ಚೆನ್ನಾಗಿ ಓಡಿಸಿದೆನೇ ಎಂದು ಕೇಳಿದೆ. ನೀಲವ್ವ ನನ್ನ ಮನಸ್ಸು ನೋಯಬಾರದೆಂದು ಮಾತು ಹುಡುಕುತ್ತಿದ್ದರೆಂದು ಕಾಣುತ್ತದೆ.

"ಚೊಲೋನs ಹೊಡೀತೀರಿ," ಎಂದರು. "ಆದ್ರ ಮೊದಲ್ನೇ ವರ್ಷ ಹೊಡದಂಗ ಮತ್ತ ನಿಮಗ ಹೊಡ್ಯಾಕ ಬರವಲ್ದು ಬಿಡ್ರಿ."