ಅಂಟಿನ ಉಂಡೆ ಕೇಳಿದ ಸೊಸೆ

ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಅಪಾರ್ಟ್‌ಮೆಂಟಿಗೆ ಯಾರೇ ಬರಲಿ, ಮೊದಲು ಎಡವುತ್ತಿದ್ದುದು ನನ್ನ ಸೈಕಲ್ಲಿಗೆ. ರಸ್ತೆಯದೊಂದು, ಟ್ರ್ಯಾಕಿನದೊಂದು, ಎರಡೂ ಹಾಲಿನಲ್ಲೇ ನಿಂತಿರುತ್ತಿದ್ದವು. ಸೋಫಾ ಬಾಲ್ಕನಿ ಸೇರಿತ್ತು. ಬಂದ ಆಂಟಿಯರು "ಎಕ್ಸರ್‌ಸೈಜ್ ಮಾಡ್ತೀರಾ? ವೆರಿ ಗುಡ್" ಎನ್ನುತ್ತಿದ್ದರು. ಇದು ನನ್ನ ಉದ್ಯೋಗ ಎಂದರೆ ನಗುತ್ತಿದ್ದರು. ನಗಲಿ, ನನಗೇನು? ತೊಂಬತ್ತರ ದಶಕದಲ್ಲಿ ನಮ್ಮಂಥ ಮನೆಯ ಹೆಂಗಸು ಸೈಕಲ್ ತುಳಿದು ಸಂಬಳ ತೆಗೆದುಕೊಳ್ಳುತ್ತಾಳೆಂದರೆ ಯಾರು ನಂಬಬೇಕು? ಆ ಸಂಬಳವೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ ಬಿಡಿ.

ನಾನು ಬಿಜಾಪುರದವಳು. ಸೋಲಾಪುರ ರಸ್ತೆಯಲ್ಲಿ ಲಾರಿಗಳ ಹಿಂದೆ ಗಾಳಿ ತಪ್ಪಿಸಿಕೊಂಡು ತುಳಿದೇ ನನ್ನ ಕಾಲು ಗಟ್ಟಿಯಾದದ್ದು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಭಾನುವಾರದ ಸಣ್ಣಪುಟ್ಟ ರೇಸುಗಳಿಗೆ ಹೋಗಿ, ಒಂದಿಷ್ಟು ಗೆದ್ದು, ಕೊನೆಗೆ ರಾಲಿ ಎಂಬ ಊರಿನ ಒಂದು ಹೆಂಗಸರ ತಂಡ ಸೇರಿದೆ. ಪ್ರೊಫೆಷನಲ್ ತಂಡ ಎಂಬ ಹೆಸರೇನೋ ದೊಡ್ಡದು. ನೋಡಿದರೆ ಒಂದು ಹಳೆಯ ವ್ಯಾನು, ನಾಲ್ಕಾರು ಹುಡುಗಿಯರು, ಮಾತುಮಾತಿಗೆ ಸಿಡುಕುವ ಒಬ್ಬ ಕೋಚ್. ರಸ್ತೆ ರೇಸಿನಲ್ಲಿ ನನ್ನ ಕೆಲಸ ತಂಡದ ನಾಯಕಿಗೆ ಎದುರುಗಾಳಿ ಬಡಿಯದಂತೆ ಮುಂದೆ ಮುಂದೆ ತುಳಿಯುವುದು, ಕೊನೆಗೆ ಆಕೆ ಗೆಲ್ಲುವುದನ್ನು ಹಿಂದಿನಿಂದ ನೋಡುವುದು. ಟ್ರ್ಯಾಕಿನಲ್ಲಿ ಮಾತ್ರ ನಾನು ನನಗಾಗಿ ತುಳಿಯುತ್ತಿದ್ದೆ. ಅದಕ್ಕೇ ನನಗೆ ಟ್ರ್ಯಾಕಿನ ಹುಚ್ಚು ಜಾಸ್ತಿ.

ತಂಡ ನನ್ನನ್ನು ತೆಗೆದುಕೊಂಡದ್ದು ಒಂದು ವರ್ಷಕ್ಕೆ. ಮನೆಯ ಒಪ್ಪಿಗೆಯೂ ಅಷ್ಟಕ್ಕೇ. ಒಂದು ವರ್ಷ ತುಳಿ, ಆಮೇಲೆ ಮಕ್ಕಳು ಮರಿ ನೋಡು ಎಂದು ಅತ್ತೆ ಮಾವ ಊರಿನಿಂದಲೇ ಹೇಳಿ ಕಳಿಸಿದ್ದರು. ನನಗೆ ಇನ್ನೂ ಬೇಕಿತ್ತು. ಅಟ್ಲಾಂಟಾದಲ್ಲಿ ನಡೆಯುವ ಕೊನೆಯ ಟ್ರ್ಯಾಕ್ ರೇಸಿನಲ್ಲಿ ಮೊದಲ ಮೂವರೊಳಗೆ ಬಂದರೆ ಮುಂದಿನ ವರ್ಷವೂ ಇಟ್ಟುಕೊಳ್ಳುತ್ತೇನೆ ಎಂದು ಕೋಚ್ ಹೇಳಿದ್ದ. ಅವನನ್ನೇನೋ ಕಾಲಿನಿಂದ ಒಪ್ಪಿಸಬಹುದು, ಅತ್ತೆಯನ್ನು ಯಾವುದರಿಂದ ಒಪ್ಪಿಸುವುದು? ಅವರು ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಬಂದದ್ದು ಯಾಕೆಂದು ನನ್ನ ಗಂಡನೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಹಾಗಂತ ಅವರ ಬಗ್ಗೆ ಒಂದು ಕೆಟ್ಟ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ನಾನು ತುಳಿದು ದಣಿದು ಬಂದರೆ ನೀರು ಕಾಯಿಸಿ, ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಬೇಡವೆಂದರೆ ಕೇಳುತ್ತಿರಲಿಲ್ಲ.

"ಅತ್ತಿ ಸೊಸಿ ಕಾಲು ಹಿಡಿಯೂದು ನಮ್ಮ ಮನಿತನದಾಗ ಇದ ಮೊದಲು," ಎಂದು ಚುಡಾಯಿಸುತ್ತಾ ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದರು. ನನಗೆ ಅವರೆಂದರೆ ಜೀವ.

ರೇಸಿಗೆ ಒಂದು ವಾರ ಮೊದಲೇ ತಂಡದ ಜೊತೆ ಅಟ್ಲಾಂಟಾಕ್ಕೆ ಹೋದೆ. ಬಿಸಿಲೆಂದರೆ ಬಿಸಿಲು. ಟ್ರ್ಯಾಕಿನಲ್ಲಿ ಮೈಮುರಿದು ತುಳಿದು ಇಳಿದರೆ ವಾಂತಿ. ತಂಡದವರು ಕೊಡುತ್ತಿದ್ದ ತಿನಿಸೋ, ರಟ್ಟು ಅಗಿದ ಹಾಗೆ. ನನಗೆ ಊರಿನ ಅಂಟಿನ ಉಂಡೆ ನೆನಪಾಗತೊಡಗಿತು. ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಅರಳಿಸಿದ ಅಂಟು, ಅಂದರೆ ತಿನ್ನುವ ಗೋಂದು. ಎರಡು ತಿಂದು ಸೈಕಲ್ ಹತ್ತಿದರೆ ಮಧ್ಯಾಹ್ನದವರೆಗೆ ಹಸಿವಿನ ಸುದ್ದಿಯಿಲ್ಲ. ಸಂಜೆ ಮೋಟೆಲಿನಿಂದ ಮನೆಗೆ ಫೋನ್ ಮಾಡಿದಾಗ ಅತ್ತೆಯೇ ಎತ್ತಿದರು.

"ಅತ್ತೀ, ದಿನಾ ವಾಂತಿ ಆಗಾಕತ್ತೇತಿ. ಏನೂ ಬಾಯಿಗಿ ಸೇರವಲ್ದು. ಅಂಟಿನ ಉಂಡಿ ತಿನ್ನಬೇಕನಸೇತಿ, ಮಾಡ್ತೀರೇನ್ರಿ?"

"ಮಾಡ್ತೀನವ್ವಾ. ಮಾಡದ ಬಿಡ್ತೀನೇನು," ಎಂದರು. ದನಿ ನಡುಗಿತು. ಲೈನು ಸರಿಯಿಲ್ಲ ಅಂದುಕೊಂಡು ಇಟ್ಟೆ.

ನಮ್ಮ ಕಡೆ ಅಂಟಿನ ಉಂಡೆ ಹೆಚ್ಚಾಗಿ ಬಾಣಂತಿಗೆ ಕೊಡುವ ತಿನಿಸು. ಮಕ್ಕಳಿಲ್ಲದ ಸೊಸೆ, ವಾಂತಿ ಎಂದು ಹೇಳಿ ಅದೇ ಬಾಯಲ್ಲಿ ಅಂಟಿನ ಉಂಡೆ ಬಯಸಿದರೆ ಅತ್ತೆಯಾದವಳು ಏನೆಂದು ತಿಳಿಯಬೇಕು? ನನ್ನ ತಲೆ ತುಂಬ ರೇಸು. ಇದೊಂದೂ ಹೊಳೆಯಲಿಲ್ಲ.

ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಶೂಗಳನ್ನು ಪೆಡಲಿಗೇ ಬಿಗಿದಿರುತ್ತಾರೆ. ನನ್ನದು ಒಬ್ಬೊಬ್ಬರೇ ತುಳಿದು, ಸಮಯ ನೋಡಿ ಸ್ಥಾನ ಕೊಡುವ ರೇಸು. ಹಾಗಾಗಿ ಹೊರಡುವ ತನಕ ಯಾರಾದರೂ ಹಿಂದಿನಿಂದ ಸೀಟು ಹಿಡಿದುಕೊಂಡಿರಬೇಕು. ರೇಸಿನ ದಿನ ನನ್ನ ಸರದಿ ಬಂದಾಗ ಕೋಚ್ ಹಿಡಿದಿದ್ದ. ಗಡಿಯಾರದಲ್ಲಿ ಏನೋ ತೊಂದರೆಯೆಂದು ಕಾಯಿಸಿದರು. ಅಷ್ಟರಲ್ಲಿ ನೋಡುತ್ತೇನೆ, ಬೇಲಿ ದಾಟಿಕೊಂಡು ನನ್ನ ಗಂಡ ಬರುತ್ತಿದ್ದಾರೆ, ಅವರ ಮುಂದೆ ಅತ್ತೆ. ಎರಡೂ ಕೆರೊಲಿನಾ ರಾಜ್ಯಗಳನ್ನು ದಾಟಿ ಡ್ರೈವ್ ಮಾಡಿಕೊಂಡು ಬಂದುಬಿಟ್ಟಿದ್ದರು. ಅತ್ತೆಯ ಚೀಲದಲ್ಲಿ ಉಂಡೆಯ ಡಬ್ಬಿ, ಮೇಲೆ ಬಸುರಿಗೆ ಉಡಿಸುವ ಒಂದು ಹಸಿರು ಸೀರೆ.

"ನನಗ ಫೋನ್ ಮಾಡಿ ಹೇಳಬಾರದೇನು?" ಗಂಡ ಏದುಸಿರು ಬಿಡುತ್ತಾ ಕೇಳಿದರು. ಮುಖ ಮಾತ್ರ ಅರಳಿತ್ತು. "ಅವ್ವ ಆಗಲೇ ನಮ್ಮನಿಗಿ ಬರೋ ಕೊಲಂಬಿಯಾದ ಆಂಟಿಗೂ ನ್ಯೂಸ್ ಕೊಟ್ಟಾಳ."

ಅತ್ತೆ ಕೋಚನ್ನು ಪಕ್ಕಕ್ಕೆ ಸರಿಸಿ ನನ್ನ ಸೀಟನ್ನು ಎರಡೂ ಕೈಯಿಂದ ಹಿಡಿದರು. "ಇಳಿಯವ್ವಾ. ಇಂಥಾದ್ರಾಗ ಸೈಕಲ್ ತುಳೀತಾರೇನು?"

ಆಗ ನನಗೆ ಎಲ್ಲ ಅರ್ಥವಾಯಿತು.

"ಅತ್ತೀ, ನಾ ಬಸುರಿ ಅಲ್ಲರಿ. ಬಿಸಿಲಿಗೆ ವಾಂತಿ ಆಗಿತ್ತು. ಉಂಡಿ ಕೇಳಿದ್ದು ರೇಸಿಗೆ."

ಗಂಡ ನೆಲ ನೋಡಿದರು. ಅತ್ತೆಯ ಮುಖ ನನಗೆ ಕಾಣುತ್ತಿರಲಿಲ್ಲ. ಸೀಟಿನ ಮೇಲಿನ ಹಿಡಿತ ಮಾತ್ರ ಸಡಿಲವಾಗಲಿಲ್ಲ. ಹೇಳುವುದಿದ್ದರೆ ಈಗಲೇ ಎನಿಸಿತು.

"ನನಗ ಇನ್ನೊಂದು ವರ್ಷ ತುಳೀಬೇಕಾಗೇತ್ರಿ. ಇವತ್ತ ಚೊಲೊ ತುಳಿದ್ರ ಇಟ್ಕೋತಾರ. ನೀವು ಬ್ಯಾಡಂದ್ರ ಈಗ ಇಳೀತೀನಿ."

"ಒಂದ ವರ್ಷಕ್ಕ ಸಾಕಾಗ್ತೇತೇನು?" ಹಿಂದಿನಿಂದ ಅತ್ತೆ ಕೇಳಿದರು.

ಸುಳ್ಳು ಹೇಳಬಹುದಿತ್ತು. "ಇಲ್ರಿ," ಎಂದೆ.

ಕೋಚ್ ಸೀಟು ಹಿಡಿಯಲು ಮತ್ತೆ ಬಂದ. ಅತ್ತೆ ಜಾಗ ಬಿಡಲಿಲ್ಲ. "ನಾ ಹಿಡಿದೀನಿ ಅಂತ ಹೇಳ ಅವಂಗ," ಎಂದರು ಮಗನಿಗೆ. ಗಂಡ ಇಂಗ್ಲಿಷಿನಲ್ಲಿ ಹೇಳಿದರು. ಕೋಚ್ ಅದೇನು ಕಂಡನೋ, ಸಿಡುಕಲಿಲ್ಲ. ದೂಡಬಾರದು, ಸುಮ್ಮನೆ ಬಿಡಬೇಕು ಎಂದು ಕೈಸನ್ನೆಯಲ್ಲಿ ತೋರಿಸಿ ಪಕ್ಕಕ್ಕೆ ನಿಂತ. ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಹಿಡಿದರು. ಸೈಕಲ್ ಒಂದಿಷ್ಟೂ ಅಲುಗಲಿಲ್ಲ. ಪಿಸ್ತೂಲು ಸಿಡಿಯಿತು. ಬಿಟ್ಟರು.

ಮೂರನೆಯವಳಾಗಿ ಬಂದೆ. ಆ ಒಂದು ವರ್ಷ ಐದಾಯಿತು.

ಅತ್ತೆ ಬಿಜಾಪುರಕ್ಕೆ ಮರಳಿದರು. ಮದುವೆ ಮುಂಜಿಗಳಲ್ಲಿ ಯಾರಾದರೂ ನನ್ನ ಬಸಿರಿನ ಮಾತೆತ್ತಿದರೆ, "ಅಕೀದೇನೂ ತಪ್ಪಿಲ್ಲ. ನಾನ ತಡಿ ಅಂದೀನಿ," ಎನ್ನುತ್ತಿದ್ದರಂತೆ. ಹಾಗೆಂದು ಬಂಧುಗಳಿಂದ ಬೈಸಿಕೊಂಡದ್ದನ್ನು ನನಗೆ ಒಮ್ಮೆಯೂ ಹೇಳಲಿಲ್ಲ. ನಾನು ರೇಸು ಬಿಟ್ಟ ಮೇಲೆ ಮಗಳು ಹುಟ್ಟಿದಳು. ಅವಳನ್ನು ಎತ್ತಿಕೊಂಡು ಊರಿಗೆ ಹೋದಾಗ ಇದನ್ನೆಲ್ಲ ಹೇಳಿದವರು ಮಾವ. ಅತ್ತೆ ತೀರಿಕೊಂಡು ಆಗ ಒಂದು ವರ್ಷವಾಗಿತ್ತು.