ಭಾವನವರ ಫಾರ್ಟಿಫೈವು, ನನ್ನ ಟ್ವೆಂಟಿಟೂ

ನಾನು ಒಂದು ರಿವಾಲ್ವರ್ ಕೊಳ್ಳುತ್ತೇನೆ ಎಂದಾಗ ನನ್ನ ಗಂಡ ಬೇಡ ಎನ್ನಲಿಲ್ಲ, ಆಯಿತು ಎನ್ನಲೂ ಇಲ್ಲ. ಎದ್ದುಹೋಗಿ ತಮ್ಮ ಅಣ್ಣನಿಗೆ ಫೋನು ಮಾಡಿದರು. ಮದುವೆಯಾದಾಗಿನಿಂದ ನೋಡುತ್ತಿದ್ದೆ, ಕಾರಿರಲಿ, ಕುಕ್ಕರಿರಲಿ, ಅಮೆರಿಕದ ಸಾಂಟಾ ಕ್ಲಾರಾದಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿಗೆ ಏನೇ ಬರಬೇಕಾದರೂ ಮೊದಲು ವಾಲ್ನಟ್ ಕ್ರೀಕಿನಲ್ಲಿದ್ದ ಅಣ್ಣ ಅದಕ್ಕೆ ತಲೆಯಾಡಿಸಬೇಕಿತ್ತು.

ಅವರು ನನಗೆ ಭಾವ. ಎದುರಿಗೆ ‘ಹೌದ್ರಿ ಭಾವ’, ‘ಇಲ್ರಿ ಭಾವ’. ಮನಸ್ಸಿನೊಳಗೆ ಬರೀ ಏಕವಚನ. ಇಷ್ಟು ವರ್ಷಗಳಾದ ಮೇಲೆ ಬರೆಯುವಾಗಲೂ ಬಹುವಚನ ಬಿಡಲು ಕೈ ಬರುತ್ತಿಲ್ಲ. ಬಿಡುವುದೂ ಬೇಡ. ಕೆಲವರನ್ನು ಬಹುವಚನದಲ್ಲಿ ಬಯ್ದರೇ ಬೈಗುಳಕ್ಕೊಂದು ತೂಕ.

ಅದು ಡಾಟ್ ಕಾಮ್ ಕಾಲ. ಮದುವೆ, ನಾಮಕರಣಗಳ ಕರೆಯೋಲೆಯನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಕಳಿಸಿಕೊಡುವ ಕಂಪನಿಯೊಂದರಲ್ಲಿ ಭಾವ ವೈಸ್ ಪ್ರೆಸಿಡೆಂಟ್ ಆಗಿದ್ದರು. ಪುಕ್ಕಟೆ ಕೊಟ್ಟರೆ ಕಂಪನಿ ಹೇಗೆ ನಡೆಯುತ್ತದೆ ಎಂದು ಒಮ್ಮೆ ಕೇಳಿದ್ದೆ. ಆಗ ತಾನೆ ಹುಬ್ಬಳ್ಳಿ ಬಸ್ಸಿನಿಂದ ಇಳಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿ, ‘ಅದು ಹಳೇ ಎಕಾನಮಿ ಪ್ರಶ್ನೆ ಕಣಮ್ಮಾ’ ಎಂದಿದ್ದರು. ಶೇರು ಕಾಗದದ ಮೇಲೆ ಏರಿದ ಹಾಗೆಲ್ಲ ಅವರ ಜ್ಞಾನವೂ ಏರುತ್ತಿತ್ತು. ವೈನಿನ ಬಗ್ಗೆ ಗೊತ್ತಿತ್ತು, ದೋಣಿಯ ಬಗ್ಗೆ ಗೊತ್ತಿತ್ತು, ಮೊಣಕಾಲು ನೋವಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಬಂದೂಕಿನ ಬಗ್ಗೆ ಮಾತ್ರ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ.

ನನಗೆ ಈ ಹುಚ್ಚು ಹಿಡಿದದ್ದು ಆಫೀಸಿನಿಂದ. ನಾನು ಚಿಪ್ ಕಂಪನಿಯೊಂದರ ಟೆಸ್ಟ್ ಲ್ಯಾಬಿನಲ್ಲಿದ್ದೆ. ನನ್ನ ಪಕ್ಕದ ಮೇಜಿನ ಅಮೆರಿಕನ್ ಹೆಂಗಸೊಬ್ಬಳು ಒಂದು ಶನಿವಾರ ಲಾಸ್ ಗ್ಯಾಟೋಸಿನ ಗುಡ್ಡದ ಮೇಲಿರುವ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದಳು. ಹುಬ್ಬಳ್ಳಿಯ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಕ್ಯಾಂಪಿನಲ್ಲಿ ಹೊಟ್ಟೆಯ ಮೇಲೆ ಮಲಗಿ ರೈಫಲ್ ಹೊಡೆದಿದ್ದೆ, ಚೆನ್ನಾಗಿಯೇ ಹೊಡೆದಿದ್ದೆ. ಆಮೇಲೆ ಕೈಗೆ ಸಿಕ್ಕಿರಲಿಲ್ಲ. ಅವಳು ತನ್ನ ಸಿಂಗಲ್ ಆ್ಯಕ್ಷನ್ ರಿವಾಲ್ವರ್ ಕೊಟ್ಟಳು. ಅದು ಹಳೆಯ ಕಾಲದ ನಮೂನೆ. ಪಕ್ಕದ ಪುಟ್ಟ ಬಾಗಿಲು ತೆರೆದು ಒಂದೊಂದೇ ಗುಂಡು ಹಾಕಬೇಕು. ಪ್ರತಿ ಸಲವೂ ಗುಂಡಿಗೆ ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು, ಆಮೇಲೆ ಟ್ರಿಗರ್ ಒತ್ತಬೇಕು. ಖಾಲಿ ತೋಟಾಗಳನ್ನೂ ಒಂದೊಂದಾಗಿಯೇ ಹೊರಗೆ ತಳ್ಳಬೇಕು. ಅವಸರ ಮಾಡಿದರೆ ಆಗದ ಕೆಲಸ. ಆ ವರ್ಷಗಳಲ್ಲಿ ನನ್ನ ಸುತ್ತ ಅವಸರವಿಲ್ಲದ ಕೆಲಸ ಅದೊಂದೇ ಇತ್ತೆಂದು ತೋರುತ್ತದೆ. ಸಂಜೆ ಮನೆಗೆ ಬಂದಾಗ, ಎಷ್ಟೋ ದಿನಗಳ ನಂತರ, ನನ್ನ ತಲೆ ಖಾಲಿಯಾಗಿ ಹಗುರವಾಗಿತ್ತು. ನನ್ನದೇ ಒಂದು ಬೇಕು ಅನ್ನಿಸಿತು. ಗ್ರೀನ್ ಕಾರ್ಡ್ ಬಂದಿತ್ತು, ಕಾನೂನಿನ ಅಡ್ಡಿಯಿರಲಿಲ್ಲ.

ಮುಂದಿನ ಭಾನುವಾರ ವಾಲ್ನಟ್ ಕ್ರೀಕಿನಲ್ಲಿ ಊಟ. ಓರಗಿತ್ತಿ ಬಿಸಿಬೇಳೆಬಾತ್ ಮಾಡಿದ್ದರು. ಭಾವ ಅಷ್ಟರಲ್ಲಿ ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಮುಗಿಸಿ ಪಂಡಿತರಾಗಿದ್ದರು. ಜೀವಮಾನದಲ್ಲಿ ಒಂದು ಏರ್‌ಗನ್ನೂ ಮುಟ್ಟಿರಲಿಲ್ಲ.

‘ಯಾವ್ದು ತಗೋಬೇಕು ಅಂದ್ಕೊಂಡಿದೀಯಾ?’ ಎಂದರು.

‘ಟ್ವೆಂಟಿಟೂ ತಗೋಬೇಕಂತ ಮಾಡೇನ್ರಿ ಭಾವ. ಸಣ್ಣ ಗುಂಡು, ಅಗ್ಗ. ಮನಸ್ಸು ತುಂಬೋ ತನಕ ಹೊಡೀಬಹುದು.’

ಭಾವ ಚಮಚ ಕೆಳಗಿಟ್ಟು ನಕ್ಕರು. ‘ಟ್ವೆಂಟಿಟೂ ಅಂದ್ರೆ ಆಟದ ಸಾಮಾನು ಕಣಮ್ಮಾ. ಸಿಂಗಲ್ ಆ್ಯಕ್ಷನ್ ಅಂದ್ಮೇಲೆ ದೊಡ್ಡ ಗುಂಡಿನ ಫಾರ್ಟಿಫೈವೇ ತಗೋಬೇಕು. ಅದ್ರಲ್ಲಿ ಒಂದು ಕೌಬಾಯ್ ಹಿಸ್ಟರಿ ಇದೆ. ಕ್ವಾಲಿಟಿ ವಿಷ್ಯದಲ್ಲಿ ಜಿಪುಣತನ ಮಾಡ್ಬಾರ್ದು.’

‘ನಾ ಕಾಗದದ ಮ್ಯಾಲಿನ ಚುಕ್ಕಿ ಹೊಡಿಯಾಕಿರೀ. ಹಿಸ್ಟರಿ ಏನ್ ಮಾಡ್ಲಿ?’

ನನ್ನ ಗಂಡ ಮೇಜಿನ ಕೆಳಗೆ ನನ್ನ ಕಾಲನ್ನು ಮೆಲ್ಲಗೆ ಒತ್ತಿದರು. ಅಣ್ಣನ ಮಾತಿಗೆ ಎದುರಾಡಬೇಡ ಎನ್ನುವುದಕ್ಕೆ ಅವರು ಮಾಡುತ್ತಿದ್ದ ಸನ್ನೆ ಅದು. ಆ ಕ್ಷಣದಲ್ಲಿ ನನಗೆ ಅಣ್ಣನಿಗಿಂತ ತಮ್ಮನ ಮೇಲೆಯೇ ಹೆಚ್ಚು ಅಸಹ್ಯವಾಯಿತು. ಬೆನ್ನುಮೂಳೆಯನ್ನು ಬೆಂಗಳೂರಿನ ಮನೆಯಲ್ಲೇ ಬಿಟ್ಟು ವಿಮಾನ ಹತ್ತಿದ್ದಾರೇನೋ ಅನ್ನಿಸಿತು.

ಬಂದೂಕಿನ ಅಂಗಡಿಗೆ ಮೂವರೂ ಹೋದೆವು. ಭಾವ ಬರಲೇಬೇಕೆಂದು ಹಟ ಹಿಡಿದಿದ್ದರು. ಗಾಜಿನ ಕಪಾಟುಗಳ ಹಿಂದೆ ನಿಂತಿದ್ದ ಗಡ್ಡದ ಮನುಷ್ಯ ನನ್ನನ್ನು ಬಿಟ್ಟು ಅವರಿಬ್ಬರನ್ನು ಏನು ಬೇಕೆಂದು ಕೇಳಿದ. ನನಗೆ ಎಂದು ತಿಳಿದ ಮೇಲೆ, ಮುತ್ತಿನ ಬಣ್ಣದ ಹಿಡಿಯಿದ್ದ ಬೊಂಬೆಯಂಥ ಪಿಸ್ತೂಲೊಂದನ್ನು ತೆಗೆದು, ಪರ್ಸಿನಲ್ಲಿ ಹಿಡಿಸುತ್ತದೆ ಎಂದ. ನನ್ನ ಪರ್ಸಿನಲ್ಲಿ ಏನು ಹಿಡಿಸಬೇಕೆಂದು ನಾನು ಕೇಳಿರಲಿಲ್ಲ. ‘ಸಿಂಗಲ್ ಆ್ಯಕ್ಷನ್, ಟ್ವೆಂಟಿಟೂ, ಗುರಿ ಹೊಡೆಯುವುದಕ್ಕೆ’ ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಬೇಕಾಯಿತು.

ಕೊನೆಗೆ ಮೂರು ಇಟ್ಟ. ಮೊದಲನೆಯದು ತೀರಾ ಅಗ್ಗದ್ದು. ಮೈ ಉಕ್ಕಿನದಲ್ಲ, ಯಾವುದೋ ಮಿಶ್ರಲೋಹಕ್ಕೆ ಕಪ್ಪು ಬಣ್ಣ ಬಳಿದದ್ದು. ಹ್ಯಾಮರ್ ಎಳೆದರೆ ಹಳೆಯ ಟ್ರಂಕಿನ ಬೀಗ ತೆಗೆದ ಹಾಗೆ ಕರಕರ ಎನ್ನುತ್ತಿತ್ತು. ಎರಡನೆಯದು ಇಟಲಿಯಲ್ಲಿ ಮಾಡಿದ ಹಳೆಯ ಮಾದರಿಯ ಫಾರ್ಟಿಫೈವು. ಮದುವೆಮನೆಯ ಬೆಳ್ಳಿ ತಂಬಿಗೆಯ ಹಾಗೆ ಫಳಫಳ. ಮೂರನೆಯದು ಯಾರೋ ಬಳಸಿ ಮಾರಿದ ಉಕ್ಕಿನ ಟ್ವೆಂಟಿಟೂ. ನಳಿಗೆಯ ತುದಿಯಲ್ಲಿ ಬಣ್ಣ ಸವೆದಿತ್ತು, ಮರದ ಹಿಡಿಯಲ್ಲಿ ಒಂದು ಗೀರಿತ್ತು.

ಖಾಲಿಯಿದೆಯೆಂದು ನೋಡಿಕೊಂಡು ಮೂರನೆಯದನ್ನು ಹಿಡಿದೆ. ಹಿಡಿ ನನ್ನ ಅಂಗೈಗೆ ಸರಿಯಾಗಿ ಕೂತಿತು, ಹೆಬ್ಬೆರಳು ಹ್ಯಾಮರಿಗೆ ಕಷ್ಟವಿಲ್ಲದೆ ಎಟುಕಿತು. ಗುಂಡು ತುಂಬುವ ಸಿಲಿಂಡರನ್ನು ಅಲ್ಲಾಡಿಸಿ ನೋಡಿದೆ, ಸಡಿಲವಿರಲಿಲ್ಲ. ಗುರಿ ನೋಡುವ ಹಿಂದಿನ ಪಟ್ಟಿಯನ್ನು ಸ್ಕ್ರೂ ತಿರುಗಿಸಿ ಸರಿಮಾಡಿಕೊಳ್ಳಬಹುದಿತ್ತು, ಬೆಳ್ಳಿ ತಂಬಿಗೆಯಲ್ಲಿ ಆ ಸೌಕರ್ಯವೂ ಇರಲಿಲ್ಲ. ಜೊತೆಗೆ, ಇದರ ಹ್ಯಾಮರಿಗೂ ಗುಂಡಿಗೂ ನಡುವೆ ಒಂದು ತಡೆಯಿತ್ತು. ಬಿದ್ದರೂ ತಾನಾಗಿ ಹಾರುವುದಿಲ್ಲ. ಬೆಲೆ ಇಟಲಿಯದರ ಅರ್ಧಕ್ಕಿಂತ ಕಡಿಮೆ. ಅದಕ್ಕಿಂತ ಮುಖ್ಯವಾದದ್ದು ಗುಂಡಿನ ಬೆಲೆ. ರಿವಾಲ್ವರ್ ಕೊಳ್ಳುವುದು ಒಂದು ಸಲ, ಗುಂಡು ಕೊಳ್ಳುವುದು ಪ್ರತಿ ಶನಿವಾರ.

‘ಇದ ಸಾಕ್ರಿ’ ಎಂದೆ.

‘ಸೆಕೆಂಡ್‌ಹ್ಯಾಂಡಾ?’ ಎಂದರು ಭಾವ, ನಾನು ಯಾರದೋ ಚಪ್ಪಲಿಗೆ ಕಾಲು ಹಾಕುತ್ತಿದ್ದೇನೆ ಎನ್ನುವ ಹಾಗೆ. ನನಗೆ ಬುದ್ಧಿ ಕಲಿಸಬೇಕಿತ್ತೋ ಏನೋ, ಆ ಫಳಫಳಿಸುವ ಫಾರ್ಟಿಫೈವನ್ನು ತಮಗೇ ಕೊಂಡರು. ಅದಕ್ಕೊಂದು ಚರ್ಮದ ಪಟ್ಟಿ, ಸೊಂಟಕ್ಕೆ ನೇತುಹಾಕುವ ಚೀಲ. ಆಮೇಲೆ, ಕಾನೂನಿನಂತೆ ಹಲವು ದಿನ ಕಾದು ಬಂದು ತೆಗೆದುಕೊಂಡು ಹೋಗಬೇಕು ಎಂದು ಗಡ್ಡದವನು ಹೇಳಿದಾಗ ಭಾವನ ಮುಖ ನೋಡಬೇಕಿತ್ತು. ತಾನು ವೈಸ್ ಪ್ರೆಸಿಡೆಂಟು, ತನ್ನ ಸಮಯಕ್ಕೆ ಬೆಲೆಯಿದೆ ಎಂದು ಅವನ ಮುಂದೆ ವಿಸಿಟಿಂಗ್ ಕಾರ್ಡ್ ಇಟ್ಟರು. ಅವನು ಅದನ್ನು ಓದಿ, ಒಳ್ಳೆಯ ಕಾರ್ಡು ಎಂದು ವಾಪಸು ಕೊಟ್ಟ. ಅಲ್ಲಿಯವರೆಗೆ ಅವನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಕಾಯುವ ದಿನಗಳು ಮುಗಿದ ಮೇಲಿನ ಶನಿವಾರ ರೇಂಜಿಗೆ ಹೋದೆವು. ಭಾವ ಒಬ್ಬರೇ ಬರಲಿಲ್ಲ, ನೋಡಲಿ ಎಂದು ತಮ್ಮ ಕಂಪನಿಯ ಇಬ್ಬರು ಹುಡುಗರನ್ನೂ ಕರೆತಂದಿದ್ದರು. ಹೊಸ ಬೂಟು, ಅಗಲ ಟೋಪಿ, ಸೊಂಟದಲ್ಲಿ ಪಟ್ಟಿ. ರೇಂಜ್ ಆಫೀಸರ್ ಎಂದು ಕರೆಯುವ ಮೇಲ್ವಿಚಾರಕ ವಯಸ್ಸಾದ ಮನುಷ್ಯ. ಚೀಲದಿಂದ ಸೆಳೆದು ಹೊಡೆಯುವುದು ಇಲ್ಲಿ ನಡೆಯುವುದಿಲ್ಲ, ಬಿಚ್ಚಿಡಿ ಎಂದ. ಭಾವ ಬಿಚ್ಚಿಟ್ಟರು. ಆದರೆ ಟೋಪಿ ತೆಗೆಯಲಿಲ್ಲ.

ನಮ್ಮ ಮೇಜುಗಳು ಅಕ್ಕಪಕ್ಕದಲ್ಲಿದ್ದವು. ಭಾವ ಸಿಲಿಂಡರಿನ ಆರು ಮನೆಗೂ ಗುಂಡು ತುಂಬಿ ಹ್ಯಾಮರ್ ಇಳಿಸುತ್ತಿರುವುದನ್ನು ನೋಡಿದೆ. ಹಳೆಯ ಮಾದರಿಯಲ್ಲಿ ಹ್ಯಾಮರಿನ ಮೂತಿ ನೇರವಾಗಿ ಗುಂಡಿನ ಬೆನ್ನ ಮೇಲೆಯೇ ಕೂರುತ್ತದೆ. ಅದಕ್ಕೇ ಐದು ತುಂಬಿ, ಹ್ಯಾಮರಿನಡಿಯ ಮನೆ ಖಾಲಿ ಬಿಡುತ್ತಾರೆ. ಪೆಟ್ಟಿಗೆಯ ಜೊತೆ ಬಂದ ಪುಸ್ತಕದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದರು.

‘ಭಾವ, ಐದ ತುಂಬ್ರಿ. ಹ್ಯಾಮರ್ ಕೆಳಗ ಒಂದು ಖಾಲಿ ಬಿಡ್ರಿ’ ಎಂದೆ. ಕಿವಿಗೆ ಮುಚ್ಚಳ ಹಾಕಿದ್ದರಿಂದ ಸ್ವಲ್ಪ ಜೋರಾಗಿಯೇ ಹೇಳಿದೆ.

‘ಅದೆಲ್ಲಾ ಹಳೇ ಕಾಲದ್ದಮ್ಮಾ’ ಎಂದರು, ಹುಡುಗರ ಕಡೆ ನೋಡಿ ನಗುತ್ತಾ.

ಅಷ್ಟರಲ್ಲಿ ಆಫೀಸರ್ ಗುಂಡು ನಿಲ್ಲಿಸಿ, ಖಾಲಿ ಮಾಡಿ ಕೆಳಗಿಡಿ ಎಂದು ಕೂಗಿದ. ಗುರಿಕಾಗದ ಬದಲಾಯಿಸುವ ಹೊತ್ತು. ಎಲ್ಲರೂ ಖಾಲಿ ಮಾಡತೊಡಗಿದೆವು. ಭಾವನಿಗೆ ಆರನ್ನು ಒಂದೊಂದಾಗಿ ತೆಗೆಯುವ ತಾಳ್ಮೆ ಎಲ್ಲಿಂದ ಬರಬೇಕು? ತುಂಬಿದ್ದನ್ನು ಹಾಗೆಯೇ ಮೇಜಿನ ಅಂಚಿಗಿಟ್ಟು ಟೋಪಿ ಸರಿಮಾಡಿಕೊಂಡರು. ಮೊಣಕೈ ತಗಲಿತು. ಅದು ಜಾರಿ, ಹ್ಯಾಮರ್ ಕೆಳಗಾಗಿ ಸಿಮೆಂಟಿನ ಮೇಲೆ ಬಿತ್ತು.

ಆ ಶಬ್ದ ಕಿವಿಯ ಮುಚ್ಚಳ ದಾಟಿ ಎದೆಗೇ ಬಡಿಯಿತು. ತಲೆಯ ಮೇಲಿನ ಮರದ ತೊಲೆಯಿಂದ ಸೀಳು ಹಾರಿ ನನ್ನ ಮೇಜಿನ ಮೇಲೆ ಬಿತ್ತು. ನನ್ನ ಗಂಡ ನಿಂತಿದ್ದ ಜಾಗಕ್ಕೂ ಆ ತೊಲೆಗೂ ನಡುವೆ ಹೆಚ್ಚು ಅಂತರವಿರಲಿಲ್ಲ. ನಾನು ಮೇಜು ಹಿಡಿದು ನಿಂತೆ.

ಆಫೀಸರ್ ಕೂಗಾಡಲಿಲ್ಲ. ಬಂದು, ರಿವಾಲ್ವರ್ ಎತ್ತಿ, ಉಳಿದ ಐದು ಗುಂಡುಗಳನ್ನು ಒಂದೊಂದಾಗಿ ಹೊರಗೆ ಹಾಕಿದ. ಏನಾಯಿತು ಎಂದು ಕೇಳಿದ.

‘ಗನ್ನು ಡಿಫೆಕ್ಟಿವ್’ ಎಂದರು ಭಾವ ಇಂಗ್ಲಿಷಿನಲ್ಲಿ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬಹುಶಃ ಅವರನ್ನು ಮರೆತುಬಿಡುತ್ತಿದ್ದೆ. ಬಿಳಿಚಿಕೊಂಡ ಮುಖವನ್ನು ನನ್ನ ಕಡೆ ತಿರುಗಿಸಿ ಮುಂದುವರಿಸಿದರು: ‘ನನ್ನ ತಮ್ಮನ ಹೆಂಡತಿ ಮಧ್ಯದಲ್ಲಿ ಏನೋ ಕಿರುಚಿ ನನ್ನ ಗಮನ ಕೆಡಿಸಿದಳು.’

ಸಾವು ಪಕ್ಕದಲ್ಲೇ ಹಾದುಹೋದ ಮೇಲೂ ಒಬ್ಬ ಮನುಷ್ಯ ಇಷ್ಟು ಸಣ್ಣವನಾಗಿರಲು ಸಾಧ್ಯವೇ ಎಂದು ನೋಡುತ್ತಾ ನಿಂತೆ.

ಮಾತಾಡಿದ್ದು ನನ್ನ ಗಂಡ. ಮೊದಲು ಕನ್ನಡದಲ್ಲಿ: ‘ಅಣ್ಣಾ, ಸುಳ್ಳು ಹೇಳ್ಬೇಡ. ಅವಳು ಐದೇ ತುಂಬಿ ಅಂದ್ಲು. ನಾನು ಪಕ್ಕದಲ್ಲೇ ಇದ್ದೆ.’ ಆಮೇಲೆ ಆಫೀಸರ್ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ, ತೊದಲದೆ, ಪೂರ್ತಿಯಾಗಿ ಹೇಳಿದರು. ಆ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರ ಅಣ್ಣನೂ ಕೇಳಿರಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಇನ್ನು ಮುಂದೆ ಇಲ್ಲಿಗೆ ಬರುವುದು ಬೇಡ ಎಂದು ಆಫೀಸರ್ ಭಾವನಿಗೆ ಹೇಳಿದ. ಹುಡುಗರಿಬ್ಬರೂ ತಮ್ಮ ಬೂಟನ್ನೇ ನೋಡಿಕೊಂಡು ಕಾರು ಹತ್ತಿದರು.

ಮನೆಗೆ ಬರುವಾಗ ನನ್ನ ಗಂಡ ಫ್ರೀವೇ ಬಿಟ್ಟು ಸಣ್ಣ ರಸ್ತೆ ಹಿಡಿದರು. ‘ಅಣ್ಣಂಗೆ ಬೇಜಾರಾಗಿರತ್ತೆ ಅಲ್ವಾ?’ ಎಂದರು.

‘ಆಗ್ಲಿ ಬಿಡ್ರಿ’ ಎಂದೆ.

‘ಹೂಂ, ಆಗ್ಲಿ’ ಎಂದರು.

ಕರೆಯೋಲೆ ಕಂಪನಿ ಬಹಳ ದಿನ ಬಾಳಲಿಲ್ಲ. ಒಂದು ಬೆಳಗ್ಗೆ ಬೀಗ ಹಾಕಿತು. ಕಾಗದದ ಮೇಲಿದ್ದ ಸಿರಿವಂತಿಕೆ ಕಾಗದವಾಗಿಯೇ ಉಳಿಯಿತು. ಭಾವ ಮರುಗುತ್ತಾರೆ, ಕೊಂಚ ಮೆತ್ತಗಾಗುತ್ತಾರೆ ಎಂದು ಓರಗಿತ್ತಿ ಕಾದರು, ಪಾಪ. ಅಂಥದ್ದೇನೂ ಆಗಲಿಲ್ಲ. ಇನ್ನೊಂದು ಕೆಲಸ ಸಿಕ್ಕಿತು, ಇನ್ನೊಂದು ದೊಡ್ಡ ಹೆಸರಿನ ಹುದ್ದೆ. ಆ ವರ್ಷದ ಯುಗಾದಿ ಊಟದಲ್ಲಿ, ಊರಿಂದ ಹೊಸದಾಗಿ ಬಂದ ಒಬ್ಬನಿಗೆ ಇಟಲಿಯ ರಿವಾಲ್ವರುಗಳ ತಯಾರಿಕೆಯ ದೋಷಗಳನ್ನು ವಿವರಿಸುತ್ತಿದ್ದರು. ನಾನು ಹೋಳಿಗೆಯ ತಟ್ಟೆ ಹಿಡಿದು ಎದುರಿಗೇ ಕೂತಿದ್ದೆ. ನನ್ನನ್ನು ನೋಡಿಯೂ ಅವರ ದನಿ ಒಂದಿಷ್ಟೂ ತಗ್ಗಲಿಲ್ಲ. ಅವರಿಗೆ ನಾಚಿಕೆಯಾಗಲಿ ಎಂದು ಕಾಯುವುದನ್ನು ನಾನು ಅಂದೇ ಬಿಟ್ಟೆ. ತಿರಸ್ಕಾರಕ್ಕೂ, ಎದುರಿನವರು ಬದಲಾದಾರೆಂಬ ಒಂದಿಷ್ಟು ಆಸೆ ಬೇಕು. ಆ ಮನುಷ್ಯನ ವಿಷಯದಲ್ಲಿ ನನಗೆ ಅದೂ ಉಳಿಯಲಿಲ್ಲ.

ಯುಗಾದಿಯ ಮರು ಶನಿವಾರ ನಾನು ಗುಡ್ಡಕ್ಕೆ ಹೊರಟಾಗ ನನ್ನ ಗಂಡ ತಾನೂ ಹೊಡೆಯುತ್ತೇನೆ ಎಂದರು. ಖಾಲಿಯಿದೆಯೆಂದು ಹೇಗೆ ನೋಡಿಕೊಳ್ಳಬೇಕು, ಬೆರಳು ಎಲ್ಲಿರಬೇಕು, ಎಲ್ಲ ಹೇಳಿಕೊಟ್ಟೆ. ಮೊದಲ ಸುತ್ತಿನಲ್ಲಿ ಒಂದು ಗುಂಡೂ ಕಾಗದಕ್ಕೆ ತಾಗಲಿಲ್ಲ, ಎಲ್ಲವೂ ಹಿಂದಿನ ಮಣ್ಣದಿಬ್ಬಕ್ಕೆ ಹೋದವು. ಬಿಸಿಲು ಕಣ್ಣಿಗೆ ಬಿತ್ತು ಎನ್ನಲಿಲ್ಲ, ಹಿಡಿ ಸರಿಯಿಲ್ಲ ಎನ್ನಲಿಲ್ಲ. ಖಾಲಿ ತೋಟಾಗಳನ್ನು ಒಂದೊಂದಾಗಿ ಹೊರಗೆ ತಳ್ಳಿ, ರಿವಾಲ್ವರನ್ನು ಮೇಜಿನ ಮೇಲೆ ನಳಿಗೆಯ ಮೂತಿ ಗುರಿಯ ಕಡೆ ಮಾಡಿ ಇಟ್ಟು, ‘ಇನ್ನೊಂದ್ಸಲ ತೋರಿಸು’ ಎಂದರು. ತೋರಿಸಿದೆ.