ದೊಡ್ಡವ್ವ ಹೇಳದ ಹೆಸರು

ನಮ್ಮ ರಾಜಾಜಿನಗರದಲ್ಲಿ ಗೋಡೆಯ ಗಾರೆ ಒಣಗುವ ಮೊದಲೇ ಗೇಟಿಗೆ ಹೆಸರಿನ ಬೋರ್ಡು ಬಂದುಬಿಡುತ್ತದೆ. ಹೆಸರಿಗೆ ಮುಂಚೆ ಎರಡು ಇಂಗ್ಲಿಷ್ ಅಕ್ಷರ, ಎರಡು ಚುಕ್ಕೆ. ಒಂದು ಊರು, ಇನ್ನೊಂದು ಅಪ್ಪ. ವಂಶದ ಸಮಸ್ತ ಚರಿತ್ರೆಯನ್ನು ಇಷ್ಟು ಅಗ್ಗದಲ್ಲಿ ಮುಗಿಸಿದ ಜನ ಬೇರೆಲ್ಲಾದರೂ ಇದ್ದಾರೆಯೇ ಎಂದು, ಕೆಂಗೇರಿಯಿಂದ ಬರಿಗೈಯಲ್ಲಿ ಬಂದು ಹಳೆಯ ಬಾಗಿಲು ಕಿಟಕಿಗಳ ವ್ಯಾಪಾರದಲ್ಲಿ ತಲೆಯೆತ್ತಿದ ನಾನು, ನನ್ನದೇ ಬೋರ್ಡಿನೆದುರು ನಿಂತು ಯೋಚಿಸಿದ್ದುಂಟು. ಬಾಗಿಲೊಂದನ್ನು ಕೊಳ್ಳುವಾಗ ಅದು ಯಾವ ಮನೆಯದು, ಎಷ್ಟು ತಲೆಮಾರು ಕಂಡದ್ದು ಎಂದು ಬಡಿದು ಬಡಿದು ವಿಚಾರಿಸುವ ಮನುಷ್ಯನಿಗೆ ತನ್ನ ಮುತ್ತಜ್ಜನ ಸಮಾಚಾರವೇ ತಿಳಿಯದಿದ್ದರೆ ಅದು ವ್ಯಾಪಾರಧರ್ಮಕ್ಕೂ ಲೋಪವಲ್ಲವೇ?

ಹೀಗಾಗಿ ಒಂದು ದಪ್ಪ ನೋಟುಬುಕ್ಕು ತಂದು ವಂಶಾವಳಿ ಬರೆಯಲು ಕುಳಿತೆ. ತಂದೆತಾಯಿಗಳು ನಾನು ಎಳೆಯನಿದ್ದಾಗಲೇ ತೀರಿಕೊಂಡವರು. ನನ್ನನ್ನು ಸಾಕಿದವಳು, ಈಗ ನಮ್ಮ ಜೊತೆಯಲ್ಲೇ ಇರುವವಳು ದೊಡ್ಡವ್ವ, ಅಂದರೆ ನನ್ನ ತಂದೆಯ ಅಣ್ಣನ ಹೆಂಡತಿ. ಅಕ್ಷರ ಬಾರದ ಆಕೆಯ ನಾಲಗೆಯಲ್ಲಿ ಐದು ತಲೆಮಾರು ಕುಳಿತಿತ್ತು. ಯಾವ ಅಜ್ಜಿ ಗಂಡನ ಮೇಲೆ ಮುನಿಸಿಕೊಂಡು ಮೂರು ದಿನ ಹುಲ್ಲಿನ ಮೆದೆಯ ಹಿಂದೆ ಕುಳಿತಿದ್ದಳು, ಯಾವ ತಾತ ಎಮ್ಮೆ ಕೊಳ್ಳಲು ಹೋಗಿ ಹೆಣ್ಣು ಗೊತ್ತುಮಾಡಿಕೊಂಡು ಬಂದ, ಎಲ್ಲವನ್ನೂ ಹೇಳಿದಳು. ಎಮ್ಮೆಯ ಸುಳಿಯನ್ನೂ ಬಿಡಲಿಲ್ಲ. ಆದರೆ ಈಚೆಗೆ ಸಾರಿಗೆ ಎರಡು ಸಲ ಉಪ್ಪು ಹಾಕುವಷ್ಟು ಮರೆವು ಬರುತ್ತಿದ್ದುದರಿಂದ, ತಡಮಾಡಿದರೆ ಕೆಟ್ಟೆ ಎಂಬ ಆತಂಕ ನನಗಿತ್ತು.

ಬರೆಯುತ್ತ ಬರೆಯುತ್ತ ದೊಡ್ಡಪ್ಪನ ಜಾಗಕ್ಕೆ ಬಂದು ಲೇಖನಿ ನಿಂತಿತು. ನಾನು ಹುಟ್ಟುವ ಮುಂಚೆಯೇ ಜ್ವರದಲ್ಲಿ ಹೋದವರು, ಮಕ್ಕಳಿಲ್ಲ, ಪಟವಿಲ್ಲ. ಕೆಂಗೇರಿಗೆ ಹೋಗಿ ಉಳಿದಿದ್ದ ಒಬ್ಬಿಬ್ಬರು ಮುದುಕರನ್ನು ಕೇಳಿದರೆ, “ಎಲ್ರೂ ದೊಡ್ಡಯ್ಯ ಅಂತಿದ್ರು, ನಾವೂ ಅಂತಿದ್ವಿ” ಎಂದರು. ಆ ಹೆಸರು ಈಗ ಭೂಮಿಯ ಮೇಲೆ ಒಬ್ಬಳಿಗೇ ಗೊತ್ತು; ಅವಳೋ ಅದನ್ನು ಹೇಳುವಂತಿಲ್ಲ.

“ಗಂಡನ ಹೆಸ್ರು ಹೇಳಿದ್ರೆ ಆಯಸ್ಸು ಕಮ್ಮಿಯಾಗ್ತದೆ ಕಣ್ಲಾ ಮಗ.”

ಚೌಕಾಸಿಯಲ್ಲಿ ಪಳಗಿದವನು ನಾನು. ದೇವರ ಹೆಸರೇ ಎಂದೆ. ಹೌದೆಂದು ತಲೆಯಾಡಿಸಿದಳು. ಸರಿ, ತಿಮ್ಮಯ್ಯ, ರಂಗಯ್ಯ, ಮಾದಪ್ಪ, ಬೈರಪ್ಪ, ಮುನಿಯಪ್ಪ ಎಂದು ಸುತ್ತಲಿನ ದೇವತಾಸಮೂಹವನ್ನೇ ಸಾಲಾಗಿ ನಿಲ್ಲಿಸಿದೆ. ಒಬ್ಬರನ್ನೂ ಒಪ್ಪಲಿಲ್ಲ. ತಾಳ್ಮೆಗೆಟ್ಟು, ಯಾರೂ ಆಡಬಾರದ ಮಾತಾಡಿದೆ: “ಅವರು ಹೋಗಿ ಕಾಲವಾಯ್ತು ದೊಡ್ಡವ್ವ, ಇನ್ನು ಕಮ್ಮಿಯಾಗೋಕೆ ಆಯಸ್ಸೆಲ್ಲಿದೆ?”

ದೊಡ್ಡವ್ವ ಎದ್ದು ಒಳಗೆ ಹೋದಳು. ಕೊಳ್ಳುವ ಸರಕನ್ನು ಹೀಗಳೆಯುವುದು ನಮ್ಮ ಕಸುಬಿನ ಮೊದಲ ಪಾಠ; ಅದನ್ನು ಮನೆಯೊಳಗೆ ಪ್ರಯೋಗಿಸಬೇಡಿ ಎಂಬ ಹಿತವಚನವನ್ನು ನಿಮಗೆ ಪುಕ್ಕಟೆಯಾಗಿ ಕೊಡುತ್ತೇನೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ನನ್ನ ಹೆಂಡತಿ ಬಂದಳು. “ರೀ, ನಂಗೆ ಗೊತ್ತಾಯ್ತು.”

“ಹಾಗಾದ್ರೆ ಹೇಳು, ಬರ್ಕೋತೀನಿ.”

“ಅಯ್ಯೋ, ನಾನೂ ಹೇಳೋ ಹಾಗಿಲ್ಲ. ಅವ್ರು ‘ನಿಂಗೂ ನಂಗೂ ಒಂದೇ ಕಷ್ಟ ಕಣೇ’ ಅಂದ್ರು, ಅಷ್ಟೇ.”

“ನಿನಗೇನು ಬಂತು ಕಷ್ಟ? ಅದೇನು ನಿನ್ನ ಗಂಡನ ಹೆಸರೇ?”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಹೂಂ ಮತ್ತೆ!” ಎಂದು ನಕ್ಕಳು.

ನಂಜಪ್ಪ! ದೇವರುಗಳನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿದ ನಾನು ನನ್ನನ್ನೇ ಎಣಿಕೆಯಲ್ಲಿ ಬಿಟ್ಟಿದ್ದೆ. ಈ ಮನೆಯ ಹೆಂಗಸರಿಬ್ಬರೂ ನಂಜನಗೂಡನ್ನು ‘ಮೈಸೂರಿನಾಚೆ ಊರು’ ಎಂದೇ ಕರೆಯುತ್ತಿದ್ದರು. ಸೊಸೆಯನ್ನು ನೋಡಿ ಅತ್ತೆಯೂ ಹಾಗೆನ್ನುತ್ತಾಳೆಂದು ನಾನು ತಿಳಿದಿದ್ದೆ.

ಒಳಗೆ ಹೋದೆ. ಒಲೆಯ ಮುಂದೆ ಕುಳಿತಿದ್ದ ದೊಡ್ಡವ್ವ ನನ್ನ ಮುಖ ನೋಡದೆ ಹೇಳಿದಳು: “‘ಗಂಡು ಹುಟ್ಟಿದ್ರೆ ನಿಮ್ಮಣ್ಣನ ಹೆಸ್ರೇ ಮಡಗು’ ಅಂತ ನಿಮ್ಮಪ್ಪನ ಕೈಲಿ ಆಣೆ ಹಾಕಿಸ್ಕೊಂಡೋಳು ನಾನೇ. ಮನೇಲಿ ಆ ಹೆಸ್ರು ಯಾರಾದ್ರೂ ಕೂಗ್ತಾ ಇರ್ಲಿ ಅಂತ. ಕೇಳಿಸ್ಕೊಂಡ್ರೆ ದೋಷ ಇಲ್ವಲ್ಲ.”

ಅಂದರೆ ನನ್ನನ್ನು ಯಾರು ಯಾವಾಗ ಕೂಗಿದರೂ, ಸಾಲಗಾರ ಕೂಗಲಿ, ಗಾಡಿಯವನು ಕೂಗಲಿ, ದೊಡ್ಡವ್ವ ಇಬ್ಬರನ್ನು ಕೇಳಿಸಿಕೊಳ್ಳುತ್ತಿದ್ದಳು. ಚರಿತ್ರೆಯನ್ನು ರಕ್ಷಿಸಲು ಹೊರಟಿದ್ದ ನಾನು ಆಕೆ ರಕ್ಷಿಸಿಟ್ಟ ಚರಿತ್ರೆಯಾಗಿಯೇ ಓಡಾಡಿಕೊಂಡಿದ್ದೆ. ಓದುಗ ಮಿತ್ರರೇ, ನಿಮ್ಮ ಮನೆಯ ಕಥೆ ಬರೆಯಬೇಕೆಂದಿದ್ದರೆ ನಿಮ್ಮ ಹೆಸರನ್ನು ಯಾರು ಆರಿಸಿದರೆಂದು ಮೊದಲು ಕೇಳಿ. ಕೇಳುವುದಕ್ಕೆ ಅವರಿರುವಾಗಲೇ ಕೇಳಿ.

ನೋಟುಬುಕ್ಕನ್ನು ಅಲ್ಲಿಗೇ ತಂದು, ದೊಡ್ಡಪ್ಪನ ಜಾಗದಲ್ಲಿ ನನ್ನ ಹೆಸರನ್ನು ಬರೆದೆ. ದೊಡ್ಡವ್ವ ಮಸಿಯೊಣಗದ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

“ಇದೇನಾ?”

“ಇದೇ. ಮೂರಕ್ಷರ.”

“ಬಾಯಲ್ಲಿ ಹೇಳಬಾರ್ದು ಅಂತಾರೆ. ಕೈಯಲ್ಲಿ ಬರೀಬಾರ್ದು ಅಂತ ಯಾರೂ ಅಂದಿಲ್ಲ, ಅಲ್ವೇನ್ಲಾ? ಹಂಗಾದ್ರೆ ನಂಗೂ ಕಲಿಸು.”

ಇಷ್ಟು ವರ್ಷ ಚೌಕಾಸಿ ಮಾಡಿದ ನನಗೆ ಇಂಥ ಸಂದು ಹೊಳೆದಿರಲಿಲ್ಲ. ಹೀಗೆ ನಮ್ಮ ಮನೆಯಲ್ಲಿ ದಿನವೂ ಬೆಳಿಗ್ಗೆ ಸ್ಲೇಟಿನ ಪಾಠ ನಡೆಯುತ್ತಿದೆ. ‘ನ’ ಬರೆಯಲು ಹತ್ತು ದಿನ ಹಿಡಿಯಿತು. ಈಗಲೂ ಬಾಲ ಎತ್ತಲೋ ಹೋಗುತ್ತದೆ. ಆದರೆ ಪಕ್ಕದ ಸೊನ್ನೆಯನ್ನು ಮಾತ್ರ ದೊಡ್ಡವ್ವ, ಮೊದಲ ದಿನದಿಂದಲೂ ಯಾರ ಸಹಾಯವಿಲ್ಲದೆ, ಹಿಂದೆ ಹಣೆಗೆ ಕುಂಕುಮವಿಟ್ಟುಕೊಳ್ಳುತ್ತಿದ್ದ ಹಾಗೆ, ಒಂದೇ ಬೆರಳಿನ ತಿರುವಿನಲ್ಲಿ ದುಂಡಗೆ ಇಡುತ್ತಾಳೆ.